ಎದೆಹಾಲನ್ನು ಹಿಂಡುವುದೂ ಕಾಯ್ದಿಡುವುದೂ

ಬೆಂಗಳೂರಿನ ನಾಗಸಂದ್ರದ ತಾಯಿಯೊಬ್ಬಳಿಗೆ ದಿನ ತುಂಬುವ ಮೊದಲೇ, 32ನೆಯ ವಾರದಲ್ಲಿ, ಹೆರಿಗೆಯಾಯಿತೆಂದು ಭಾವಿಸೋಣ. ಕೆಲವು ದಿನಗಳಲ್ಲಿ ಆಕೆ ಮನೆಗೆ ಮರಳಿದಳು. ಒಂದೂವರೆ ಕಿಲೋಗ್ರಾಂ ತೂಕದ ಕೂಸು ಮಾತ್ರ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿಯ ವಾಣಿವಿಲಾಸ ಆಸ್ಪತ್ರೆಯಲ್ಲಿ ಉಳಿಯಿತು. ಸುಮಾರು 34 ವಾರಗಳಿಗೆ ಮೊದಲು ಹುಟ್ಟಿದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳಲು ಬಾರದು. ಆದರೆ ಇಂಥ ಮಗುವಿನ ಎಳೆಯ ಕರುಳಿಗೆ ತಗಲಬಹುದಾದ ಮಾರಕ ಬೇನೆಯ ಭಯವನ್ನು ತಗ್ಗಿಸುವುದರಲ್ಲಿ ಎದೆಹಾಲಿಗೆ ಸಮನಾದ ಆಹಾರವಿಲ್ಲ. ಆದುದರಿಂದ ಹಾಲನ್ನು ಹಿಂಡಿ, ಕೆಡದಂತೆ ಮೆಟ್ರೊ ರೈಲಿನಲ್ಲಿ ಅರ್ಧ ಗಂಟೆ ಸಾಗಿಸಬೇಕಾಗಿದೆ.

ಹಿಂಡುವ ಕೆಲಸವು ಹೆರಿಗೆಯಾದ ಮೊದಲ ಕೆಲವು ತಾಸುಗಳಲ್ಲಿಯೇ ಆರಂಭವಾಗಬೇಕು. ರಾತ್ರಿಯೂ ಸೇರಿ ದಿನಕ್ಕೆ 8 ಸಲವಾದರೂ ನಡೆಯಬೇಕು. ಹಾಲು ಹೊರಬಂದಷ್ಟೂ ಮುಂದೆ ಹೆಚ್ಚು ಹಾಲು ಉತ್ಪತ್ತಿಯಾಗುತ್ತದೆ. ಒಳಗೇ ನಿಂತರೆ ಉತ್ಪತ್ತಿ ಕುಗ್ಗುತ್ತದೆ. ಮೊದಲ ದಿನ ದೊರೆಯುವುದು ಕೆಲವೇ ಹನಿ, ಹೆಚ್ಚೆಂದರೆ ಒಂದೆರಡು ಚಮಚ. ಹಸು ಈದಾಗ ಗಿಣ್ಣನ್ನು ಬೆಲ್ಲ ಹಾಕಿ ಕಾಯಿಸಿ ನೆರೆಹೊರೆಗೂ ಹಂಚುವ ನಮ್ಮ ಜನರಲ್ಲಿಯೇ ಕೆಲವರು ತಾಯಿಯ ಮೊದಲ ಹಾಲನ್ನು ಹೊರಗೆ ಚೆಲ್ಲಿಸುತ್ತಾರೆಂಬುದು ವಿಚಿತ್ರವಾದ ಸಂಗತಿ! ರೋಗನಿರೋಧಕ ವಸ್ತುಗಳು ಅತಿ ಸಾಂದ್ರವಾಗಿರುವುದು ಅದರಲ್ಲಿಯೇ. ಈ ಮಂದವಾದ ಹಾಲು ಪಂಪಿನ ಅಗಲವಾದ ಗೋಡೆಗಳಿಗೆ ಅಂಟಿಕೊಂಡು ನಷ್ಟವಾಗುವುದರಿಂದ, ಮೊದಲ ದಿನಗಳಲ್ಲಿ ತೊಳೆದ ಕೈಯಿಂದಲೇ ಸಣ್ಣ ಬಟ್ಟಲಿಗೆ ಹಿಂಡುವುದು ಮೇಲು.

ಪಂಪು ಹಾಲನ್ನು ಎಳೆಯುತ್ತದೆ ಎಂಬ ಮಾತನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ತಿದ್ದಿಕೊಳ್ಳಬೇಕು. ಬೆಂಗಳೂರಿನ ಎತ್ತರದಲ್ಲಿ ವಾಯುಭಾರವು ಸುಮಾರು 685 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಪಂಪು ತನ್ನ ಬಟ್ಟಲಿನೊಳಗೆ ಇದನ್ನು ಹೆಚ್ಚೆಂದರೆ 250 ಮಿಲಿಮೀಟರಿನಷ್ಟು ತಗ್ಗಿಸಬಲ್ಲದು. ಆದರೆ ಹಾಲನ್ನು ಮುಖ್ಯವಾಗಿ ದೂಡುವ ಬಲವು ಒಳಗಿನದು. ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತದಲ್ಲಿ ಹರಿದು ಬಂದಾಗ, ಹಾಲಿನ ಪುಟ್ಟ ಕೋಶಗಳನ್ನು ಸುತ್ತಿರುವ ಸ್ನಾಯುಜಾಲ ಸಂಕುಚಿಸಿ ಹಾಲನ್ನು ನಾಳಗಳಿಗೆ ನೂಕುತ್ತದೆ. ನೋವು, ಆತಂಕಗಳು ಇದನ್ನು ತಡೆಯಬಲ್ಲವು. ಹೀಗಿರಲು ಪಂಪಿನ ಸೆಳೆತವನ್ನು ನೋವಾಗುವಷ್ಟು ಹೆಚ್ಚಿಸಿದರೆ ಹಾಲು ಹೆಚ್ಚುವ ಬದಲು ನಿಲ್ಲುವ ಸಂಭವವೇ ಅಧಿಕ.

ಇನ್ನು ಕಾಯ್ದಿಡುವ ವಿಚಾರ. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹಿಂಡಿದ ಹಾಲು 4 ಗಂಟೆಗಳವರೆಗೆ ಸುರಕ್ಷಿತ. ಏಪ್ರಿಲಿನ ಸೆಕೆಯಲ್ಲಿ ಅಷ್ಟನ್ನೂ ನಂಬಲಾಗದು. ರೆಫ್ರಿಜರೇಟರಿನ 4 ಡಿಗ್ರಿಯಲ್ಲಿ, ಆರೋಗ್ಯವಂತ ಮಗುವಿಗಾದರೆ, 4 ದಿನ ಇಡಬಹುದು. ಆಸ್ಪತ್ರೆಯಲ್ಲಿರುವ ಕೂಸಿಗೆ ಕಟ್ಟಳೆ ಇನ್ನೂ ಬಿಗಿ. ಅಲ್ಲಿಯವರು ಹೇಳಿದ ಅವಧಿಯನ್ನೇ ಪಾಲಿಸಬೇಕು. ಪದೇ ಪದೇ ತೆರೆಯುವ ಬಾಗಿಲಿನ ಅರೆಗಿಂತ ಹಿಂಬದಿಯೇ ಹೆಚ್ಚು ತಂಪಾದ ಜಾಗ. ಹೆಪ್ಪುಗಟ್ಟಿಸುವುದಾದರೆ ಸೀಸೆಯನ್ನು ಕಂಠದವರೆಗೆ ತುಂಬಬಾರದು. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಹನ್ನೊಂದರಲ್ಲಿ ಒಂದು ಪಾಲು ಹೆಚ್ಚುತ್ತದಷ್ಟೆ.

ದಾರಿಯಲ್ಲಿ ಎಷ್ಟು ಮಂಜುಗಡ್ಡೆ ಬೇಕು? 35 ಡಿಗ್ರಿಯ 50 ಗ್ರಾಂ ಹಾಲು 4 ಡಿಗ್ರಿಗೆ ಇಳಿಯಲು ಸುಮಾರು 1500 ಕ್ಯಾಲೊರಿ ಉಷ್ಣವನ್ನು ಬಿಟ್ಟುಕೊಡಬೇಕು. 1 ಗ್ರಾಂ ಮಂಜುಗಡ್ಡೆ ಕರಗುವಾಗ 80 ಕ್ಯಾಲೊರಿಗಳನ್ನು ಹೀರುತ್ತದೆ. ಅಂದರೆ ಲೆಕ್ಕಕ್ಕೆ 20 ಗ್ರಾಂ ಸಾಕು! ಉಳಿದ ಗಡ್ಡೆಯೆಲ್ಲ ಹೊರಗಿನ ಸೆಕೆಯೊಡನೆ ಹೋರಾಡುವುದಕ್ಕಾಗಿ. ಮುಚ್ಚಳ ಭದ್ರವಾದ ಪೆಟ್ಟಿಗೆಯಲ್ಲಿ ಅರ್ಧ ಕಿಲೋಗ್ರಾಂ ಗಡ್ಡೆಯಿದ್ದರೆ ನಾಗಸಂದ್ರದಿಂದ ಮಾರುಕಟ್ಟೆಯವರೆಗಿನ ಪ್ರಯಾಣ ಹಾಲಿಗೆ ಯಾವ ತೊಂದರೆಯನ್ನೂ ಮಾಡದು.

ನಿಂತ ಹಾಲಿನಲ್ಲಿ ಕೊಬ್ಬು ಮೇಲೆ ತೇಲಿದರೆ ಕೆಟ್ಟಿತೆಂದು ಎಸೆಯಬಾರದು. ಮೆಲ್ಲಗೆ ಅಲುಗಿಸಿದರೆ ಬೆರೆಯುತ್ತದೆ. ಕಾಯಿಸಲೂ ಕೂಡದು, ಉಗುರುಬೆಚ್ಚಗಿನ ನೀರಿನಲ್ಲಿ ಸೀಸೆಯನ್ನು ನಿಲ್ಲಿಸಿದರೆ ಸಾಕು.

ತಾಯಿಗೆ ಹಾಲೇ ಸಾಲದಿದ್ದರೆ? 1909ರಲ್ಲಿ ವಿಯೆನ್ನಾದಲ್ಲಿ ಮೊದಲ ಎದೆಹಾಲಿನ ಬ್ಯಾಂಕು ತೆರೆಯಿತು. ಭಾರತದಲ್ಲಿ 1989ರಲ್ಲಿ, ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ, ಡಾ. ಆರ್ಮಿಡಾ ಫರ್ನಾಂಡಿಸ್ ಅವರ ಪ್ರಯತ್ನದಿಂದ. ವಾಣಿವಿಲಾಸದಲ್ಲಿಯೂ 2022ರಲ್ಲಿ ಇಂಥ ಬ್ಯಾಂಕು ಆರಂಭವಾಯಿತು. ದಾನದ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಇರಿಸಿ ರೋಗಾಣುಗಳನ್ನು ಕೊಲ್ಲುತ್ತಾರೆ. ಆ ಶಾಖದಲ್ಲಿ ರಕ್ಷಕ ವಸ್ತುಗಳೂ ಒಂದಿಷ್ಟು ನಾಶವಾಗುವುದರಿಂದ, ಹೆತ್ತ ತಾಯಿಯ ಹಸಿ ಹಾಲು ದೊರೆಯದಾಗ ಮಾತ್ರ ಅದನ್ನು ಕೊಡುವುದು ರೂಢಿ.