ಸಾಣಾಪುರದಲ್ಲಿ ಬಂಡೆ ಹತ್ತಿಸುವವರು

ಕೊಪ್ಪಳ ಜಿಲ್ಲೆಯ ಪಡುವಣಕ್ಕೆ ಅಳವಂಡಿ ಸೀಮೆ. ಕಣ್ಣು ಹಾಯುವವರೆಗೂ ಎರೆಹೊಲ, ಜೋಳ, ಕಡಲೆ. ಅಲ್ಲಿಂದ ಕೊಪ್ಪಳ ದಾಟಿ ಗಂಗಾವತಿ ತಾಲ್ಲೂಕಿನ ಆನೆಗೊಂದಿ ಕಡೆ ಹೊರಳಿದರೆ ನೆಲವೇ ಬೇರೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಿಸಿಲು ಮಳೆಗೆ ಸೀಳಿ, ಅಂಚು ಸವೆದು, ಗುಂಡುಗಳಾಗಿ ಒಂದರ ಮೇಲೊಂದು ಕೂತಿದೆ. ಉಳುಮೆಗೆ ಒಗ್ಗದ ಈ ಕಲ್ಲೇ ಸಾಣಾಪುರ, ವಿರೂಪಾಪುರಗಡ್ಡೆ ಸುತ್ತಿನ ಹುಡುಗರಿಗೆ ಕಸುಬು ಕೊಟ್ಟಿತು.

ಪರಸ್ಥಳದವರನ್ನು ತುಂಗಭದ್ರಾ ಹೊಳೆ ದಾಟಿಸುವ ಕೆಲಸ ಇಲ್ಲಿ ಶತಮಾನಗಳದ್ದು. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹೊರಗೆ ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳಲ್ಲಿ ಜನ ಆನೆಗೊಂದಿಗೆ ಸಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ಕು, ಡಾಂಬರು ಬಂದಿವೆ, ಹರಿಗೋಲು ಅದೇ. ಇಂದು ಸಾಣಾಪುರದ ಕೆರೆಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹುಟ್ಟು ಹಾಕುವವರು ಆ ಪರಂಪರೆಯವರು.

ಬಂಡೆಯ ಕಥೆ ಮಾತ್ರ ಇತ್ತೀಚಿನದು. ಹಗ್ಗವಿಲ್ಲದೆ, ಬರಿಗೈ ಮತ್ತು ಬಿಗಿ ಬೂಟಿನ ಬಲದಿಂದ ಗುಂಡು ಹತ್ತುವ ಬೌಲ್ಡರಿಂಗ್‌ಗಾಗಿ ಹೊರನಾಡಿನ ಆರೋಹಿಗಳು ಇಲ್ಲಿಗೆ ಬರತೊಡಗಿದರು. ಅಮೆರಿಕದ ಕ್ರಿಸ್ ಶರ್ಮಾ, ಕೇಟಿ ಬ್ರೌನ್ ಮತ್ತು ನೇಟ್ ಗೋಲ್ಡ್ ಇಲ್ಲಿ ಹತ್ತಿದ್ದನ್ನು ತೋರಿಸಿದ 'ಪಿಲ್ಗ್ರಿಮೇಜ್' ಚಿತ್ರ 2003ರಲ್ಲಿ ಬಂದ ಮೇಲೆ ಹಂಪಿಯ ಬಂಡೆಗಳು ಜಗತ್ತಿನ ಆರೋಹಿಗಳ ಬಾಯಲ್ಲಿ ಹರಿದಾಡಿದವು. ಬಂದವರನ್ನು ನೋಡಿ ಊರ ಹುಡುಗರು ಹತ್ತಲು ಕಲಿತರು. ಬೂಟು, ಚಾಕ್‌ಪುಡಿ, ದಪ್ಪ ಮ್ಯಾಟು ಬಾಡಿಗೆಗೆ ಕೊಟ್ಟರು. ಆಮೇಲೆ ತಾವೇ ಮುಂದೆ ನಡೆದರು.

ಹೊರಗಿನಿಂದ ನೋಡಿದರೆ ಮ್ಯಾಟು ಹೊರುವ ಕೆಲಸ ಎನಿಸೀತು. ಒಳಗೆ ಇರುವುದು ದೊಡ್ಡ ವಿದ್ಯೆ. ಕೆಳಗೆ ಕೈ ಚಾಚಿ ನಿಂತವನು ಬೀಳುವವನನ್ನು ಎತ್ತಿಹಿಡಿಯುವುದಿಲ್ಲ. ತಲೆ, ಬೆನ್ನು ಕಲ್ಲಿಗೆ ತಾಗದಂತೆ ಮೈಯನ್ನು ಮ್ಯಾಟಿನ ಕಡೆ ತಿರುಗಿಸುತ್ತಾನೆ. ಕಲ್ಲು ಕಾದರೆ ಬೆರಳು ಬೆವರಿ ಜಾರುತ್ತದೆ. ಹಾಗಾಗಿ ನವೆಂಬರ್‌ನಿಂದ ಫೆಬ್ರುವರಿ, ಅದರಲ್ಲೂ ನಸುಕು ಮತ್ತು ಸಂಜೆ. ಯಾವ ಬಂಡೆಯ ಚಾಚಿನಡಿ ಹೆಜ್ಜೇನಿದೆ, ಚಿರತೆ, ಕರಡಿ ಯಾವ ಗವಿ ಹಿಡಿದಿವೆ ಎಂಬುದೂ ಗೊತ್ತಿರಬೇಕು. ಈ ತಿಳಿವಳಿಕೆ ಯಾವ ನಕ್ಷೆಯಲ್ಲೂ ಸಿಗದು.

2020ರ ಫೆಬ್ರುವರಿಯಲ್ಲಿ ವಿರೂಪಾಪುರಗಡ್ಡೆಯ ರೆಸಾರ್ಟುಗಳ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮಾರ್ಚ್‌ನಲ್ಲಿ ಅವು ನೆಲಸಮವಾದವು. ಹಂಪಿಯೆಂಬ ವಿಶ್ವಪರಂಪರೆಯ ತಾಣ ಉಳಿಯಬೇಕಿತ್ತು, ಆ ತೀರ್ಪನ್ನು ನಾನು ಒಪ್ಪುತ್ತೇನೆ. ಆದರೆ ಅದರ ಬೆನ್ನಿಗೇ ಕೊರೋನಾ ಬಂದು, ರೆಸಾರ್ಟು, ಪ್ರವಾಸಿಗರು ಎಂಬ ದುಡಿಯುವವರ ಎರಡು ಆಸರೆಗಳೂ ಒಟ್ಟಿಗೆ ಕುಸಿದವು. ಸುಧಾರಿಸಿಕೊಂಡ ವ್ಯವಹಾರ ಸಾಣಾಪುರ, ಆನೆಗೊಂದಿಯತ್ತ ಸರಿಯಿತು.

2025ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿ ಬಂಡೆಯಿಂದ ತುಂಗಭದ್ರೆಗೆ ಹಾರಿದ ಪ್ರವಾಸಿ ಯುವತಿಯೊಬ್ಬರು ನೀರುಪಾಲಾದರು. ಹೊಳೆಯ ಸೆಳೆತ ದಡದಿಂದ ಕಾಣುವುದಿಲ್ಲ. ಅದನ್ನು ಬಲ್ಲವರು ಇಲ್ಲಿನ ಅಂಬಿಗರು. ಸ್ಮಾರಕ ತೋರಿಸುವ ಗೈಡ್‌ಗೆ ಪ್ರವಾಸೋದ್ಯಮ ಇಲಾಖೆಯ ಮಾನ್ಯತೆ ಇರುವಂತೆ, ಬಂಡೆ ಹತ್ತಿಸುವವರಿಗೂ ಹರಿಗೋಲು ನಡೆಸುವವರಿಗೂ ಮಾನ್ಯತೆ ಕೊಡಿ, ಪ್ರಥಮ ಚಿಕಿತ್ಸೆ ಮತ್ತು ರಕ್ಷಣಾ ತರಬೇತಿ ಕೊಡಿ, ವಿಮೆ ಮಾಡಿಸಿ. ಹೊಳೆ ತುಂಬಿ ಹರಿಗೋಲು ನಿಲ್ಲುವ ಮಳೆಗಾಲದ ತಿಂಗಳುಗಳೇ ಆ ತರಬೇತಿಗೆ ತಕ್ಕ ಕಾಲ.