ಗೇಟು ಅದೇ, ಕಾರ್ಡು ಬೇರೆ

ಬೆಳಗಿನ ಐದೂವರೆ. ತಿ. ನರಸೀಪುರದ ಬಸ್ ನಿಲ್ದಾಣದ ಎದುರು ಟೀ ಅಂಗಡಿಯ ಸ್ಟವ್ ಆಗಲೇ ಉರಿಯುತ್ತಿದೆ. ಕತ್ತಿಗೆ ಐಡಿ ಕಾರ್ಡು ನೇತುಹಾಕಿಕೊಂಡ ಹುಡುಗರು, ಸ್ವೆಟರಿನ ಮೇಲೆ ವೇಲ್ ಸುತ್ತಿಕೊಂಡು ಊಟದ ಬ್ಯಾಗ್ ಹಿಡಿದ ಹೆಣ್ಣುಮಕ್ಕಳು ಗುಂಪುಗುಂಪಾಗಿ ನಿಂತಿದ್ದಾರೆ. ಬನ್ನೂರು ಕಡೆಯವರು, ಮೂಗೂರು ಕಡೆಯವರು, ತಲಕಾಡಿನವರು. ತಂಗಿಯನ್ನು ಬೈಕಿನಲ್ಲಿ ತಂದು ಬಿಟ್ಟ ಅಣ್ಣ ಗದ್ದೆಗೆ ನೀರು ಕಟ್ಟಲು ಹಾಗೇ ತಿರುಗಿದ. ಟಿಟಿ ಗಾಡಿ ಬಂತು. ಡ್ರೈವರ್ ಇಳಿಯಲಿಲ್ಲ, ಕೂತಲ್ಲಿಂದಲೇ ತಲೆ ಎಣಿಸಿ ಫೋನ್ ಹಚ್ಚಿದ: ‘ಎಲ್ಡು ತಲೆ ಶಾರ್ಟು ಕಣಣ್ಣ, ಏನ್ ಮಾಡನ?’

ಕಪಿಲೆ ನಂಜನಗೂಡಿನಿಂದ ಹರಿದು ಬಂದು ಇಲ್ಲಿ ಕಾವೇರಿಯನ್ನು ಕೂಡುತ್ತಾಳೆ. ದುಡಿಯುವವರು ದಿನಾ ನಂಜನಗೂಡಿಗೆ ಹೋಗುವುದು ಆ ಹರಿವಿಗೆ ಎದುರಾಗಿ. ಎರಡೂ ಊರುಗಳು ಒಂದೇ ರಾಷ್ಟ್ರೀಯ ಹೆದ್ದಾರಿ 766ರ ಮೇಲಿವೆ, ನಡುವೆ ಮೈಸೂರು. ನರಸೀಪುರ ಭತ್ತ, ಕಬ್ಬು, ರೇಷ್ಮೆಯ ಸೀಮೆಯಾಗಿಯೇ ಉಳಿಯಿತು. ಇಲ್ಲಿ ಕಾರ್ಖಾನೆ ಎಂದರೆ ನೆನಪಾಗುವುದು ಕೆಎಸ್‌ಐಸಿಯ ರೇಷ್ಮೆ ನೂಲು ತೆಗೆಯುವ ಘಟಕ. ನಂಜನಗೂಡು ಹಾಗಲ್ಲ. 1913ರಲ್ಲಿ ಶುರುವಾದ ಬಿ.ವಿ. ಪಂಡಿತರ ಸದ್ವೈದ್ಯಶಾಲೆಯ ಹಲ್ಲುಪುಡಿ ಊರಿನ ಹೆಸರನ್ನು ಮನೆಮನೆಗೆ ಮುಟ್ಟಿಸಿತ್ತು. 1989ರಲ್ಲಿ ನೆಸ್ಲೆಯ ಕಾಫಿ ಕಾರ್ಖಾನೆ ಬಂತು. ಔಷಧ, ಕಾಗದ, ಸಕ್ಕರೆ, ಬಿಯರ್ ಕಾರ್ಖಾನೆಗಳೂ ಅಲ್ಲಿವೆ. 2018ರಲ್ಲಿ ಹಿಮ್ಮಾವಿನ ಬಳಿ ಏಷ್ಯನ್ ಪೇಂಟ್ಸ್ ಕೆಲಸ ಆರಂಭಿಸಿತು. ಮೈಸೂರಿನಿಂದ ಬರುವಾಗ ಕಡಕೊಳದ ಹತ್ತಿರ ಟಿವಿಎಸ್. ತಾಂಡವಪುರದ ರೀಡ್ ಅಂಡ್ ಟೇಲರ್ ಬಟ್ಟೆ ಕಾರ್ಖಾನೆ ಮಾತ್ರ ದಿವಾಳಿಯ ಸುಳಿಗೆ ಸಿಕ್ಕಿ ಬಾಗಿಲು ಹಾಕಿತು. ಕಾಯಂ ನೌಕರಿಯೂ ಕೈಬಿಡಬಹುದು ಎಂಬುದನ್ನು ಈ ಸೀಮೆ ಅಲ್ಲಿ ಕಂಡಿದೆ.

ಏಳು ಗಂಟೆಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದ ತಿರುವಿನಲ್ಲಿ ಒಂದು ಶಿಫ್ಟು ಒಳಗೆ, ಒಂದು ಶಿಫ್ಟು ಹೊರಗೆ. ಲೈಟು ಕಂಬ, ಗೂಡಂಗಡಿಯ ಬಾಗಿಲು, ಕಾಂಪೌಂಡು, ಎಲ್ಲೆಲ್ಲೂ ಚೀಟಿ: ‘ಹುಡುಗರು ಬೇಕಾಗಿದ್ದಾರೆ. ಹತ್ತನೇ ತರಗತಿ ಪಾಸ್/ಫೇಲ್, ಪಿಯುಸಿ, ಐಟಿಐ, ಡಿಪ್ಲೊಮಾ. ವಯಸ್ಸು 18ರಿಂದ 28. ಊಟ, ಕ್ಯಾಬ್, ಪಿಎಫ್, ಇಎಸ್‌ಐ ಇರುತ್ತದೆ.’ ಕೆಳಗೆ ಒಂದು ಮೊಬೈಲ್ ನಂಬರು. ಕಂಪನಿಯ ಹೆಸರಿಲ್ಲ. ಇದೇ ಒಕ್ಕಣೆ ವಾಟ್ಸ್ಆ್ಯಪ್ ಸ್ಟೇಟಸ್ಸುಗಳಲ್ಲೂ ಓಡಾಡುತ್ತದೆ.

ಆ ನಂಬರಿನ ಆಚೆ ಇರುವ ಗುತ್ತಿಗೆದಾರನೇ ಈಗ ನೇಮಕಾತಿಯ ಬಾಗಿಲು. ಆರ್ಡರು ಹೆಚ್ಚಾದರೆ ಕಂಪನಿ ಅವನಿಗೆ ಹೇಳುತ್ತದೆ, ಸೋಮವಾರಕ್ಕೆ ಇಷ್ಟು ಜನ ಬೇಕು ಎಂದು. ಅವನು ಹುಡುಕುತ್ತಾನೆ, ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಜೆರಾಕ್ಸ್ ತೆಗೆದುಕೊಳ್ಳುತ್ತಾನೆ, ಹಾಜರಿ ನೋಡುತ್ತಾನೆ, ಸಂಬಳ ಹಾಕುತ್ತಾನೆ. ಪ್ರತಿ ತಲೆಯ ಮೇಲೆ ತಿಂಗಳು ತಿಂಗಳು ಸರ್ವಿಸ್ ಚಾರ್ಜ್ ಪಡೆಯುತ್ತಾನೆ. ಆರ್ಡರು ಇಳಿದ ದಿನ ಕಂಪನಿ ಯಾರನ್ನೂ ತೆಗೆದುಹಾಕಬೇಕಿಲ್ಲ, ಅವನಿಗೆ ‘ಸದ್ಯಕ್ಕೆ ಬೇಡ’ ಎಂದರೆ ಸಾಕು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿರುವ ಟೀಮ್‌ಲೀಸ್, ಕ್ವೆಸ್‌ನಂಥ ಸಂಸ್ಥೆಗಳು ಇದೇ ಕಸುಬನ್ನು ಲಕ್ಷಗಳ ಲೆಕ್ಕದಲ್ಲಿ ನಡೆಸುತ್ತವೆ. ಇಲ್ಲಿ ಒಂದು ಟೇಬಲ್ಲು, ಎರಡು ಫೋನು, ಬಾಡಿಗೆಯ ಗಾಡಿ ಇದ್ದವನೂ ನಡೆಸುತ್ತಾನೆ.

ತಿರುವಿನ ಜೆರಾಕ್ಸ್ ಅಂಗಡಿಯಲ್ಲಿ ರಾತ್ರಿ ಪಾಳಿ ಮುಗಿಸಿದ ಒಬ್ಬ ಹುಡುಗ ಪಿಎಫ್ ಬಿಡಿಸಿಕೊಳ್ಳಲು ಬಂದಿದ್ದ. ಹನ್ನೆರಡು ಅಂಕಿಯ ಯುಎಎನ್ ಹಾಕಿದಾಗ ಕಂಪ್ಯೂಟರಿನ ಪರದೆಯ ಮೇಲೆ ಮೂರು ಸಂಸ್ಥೆಗಳ ಹೆಸರು ಸಾಲಾಗಿ ಬಂದವು.

‘ಮೂರ್ ಕಂಪ್ನೀಲಿ ಮಾಡಿದ್ಯೇನಪ್ಪ?’ ಎಂದರು ಅಂಗಡಿಯವರು.

‘ಇಲ್ಲ ಕಣಣ್ಣ, ಒಂದೇ ಕಂಪ್ನಿ. ಮಿಷಿನ್ನೂ ಅದೇಯ. ಕಾಂಟ್ರಾಕ್ಟ್ ಬದಲಾಯ್ತು ಅಷ್ಟೆ.’

ಎರಡನೆಯ ಗುತ್ತಿಗೆದಾರ, ಹುಡುಗ ಕೆಲಸ ಬಿಟ್ಟ ದಿನಾಂಕವನ್ನೇ ನಮೂದಿಸಿಲ್ಲ. ಅದಿಲ್ಲದೆ ಆ ದುಡ್ಡು ಕದಲುವುದಿಲ್ಲ. ಆತನಿಗೆ ಫೋನ್ ಮಾಡಿದರೆ ನಂಬರು ಚಾಲ್ತಿಯಲ್ಲಿಲ್ಲ. ಹುಡುಗ ಇನ್ನೊಂದು ಅರ್ಜಿಯನ್ನೂ ತಂದಿದ್ದ, ಬೈಕ್ ಸಾಲದ್ದು. ‘ಈಗಿನ ಉದ್ಯೋಗದಾತರಲ್ಲಿ ಎಷ್ಟು ವರ್ಷ’ ಎಂಬ ಅಂಕಣ ಬಂದಾಗ ಪೆನ್ನು ನಿಂತಿತು. ಒಂದೇ ಮಿಷಿನ್ನಿನ ಮುಂದೆ ವರ್ಷಗಟ್ಟಲೆ ನಿಂತವನು ಅಲ್ಲಿ ತಿಂಗಳುಗಳ ಲೆಕ್ಕ ಬರೆದ.

ನನ್ನ ಸಂಕಟ ಇರುವುದು ಇಲ್ಲೇ. ಗುತ್ತಿಗೆಯವನು ಜನ ಹುಡುಕಿ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಮೂಗೂರಿನ ಹುಡುಗಿಗೆ ಕಂಪನಿಯ ಎಚ್‌ಆರ್ ಕೊಠಡಿಯ ದಾರಿ ಯಾರು ತೋರಿಸಬೇಕಿತ್ತು? ಆದರೆ ಹುಡುಕಿ ಕೊಟ್ಟವನೇ ಧಣಿ ಎಂದು ಕಾಗದ ಹೇಳತೊಡಗಿದಾಗ ಕೆಲಸಗಾರನ ಸರ್ವಿಸ್ಸು ಪ್ರತಿ ಟೆಂಡರಿಗೂ ಸೊನ್ನೆಯಿಂದ ಶುರುವಾಗುತ್ತದೆ. ಗ್ರಾಚ್ಯುಟಿಗೆ 1972ರ ಕಾಯ್ದೆ ಕೇಳಿದ್ದು ಐದು ವರ್ಷದ ಎಡೆಬಿಡದ ಸೇವೆ. ಒಬ್ಬ ಗುತ್ತಿಗೆದಾರನ ಲೆಕ್ಕದಲ್ಲಿ ಆ ಐದು ವರ್ಷ ತುಂಬುವುದು ಯಾವಾಗ? ಟ್ರೈನಿಗಳದು ಇನ್ನೂ ತೆಳುವಾದ ನೆಲೆ: 1961ರ ಅಪ್ರೆಂಟಿಸ್ ಕಾಯ್ದೆಯಡಿ ಬಂದವರಿಗೆ ಸಿಗುವುದು ಸ್ಟೈಪೆಂಡು. ಹಿಮ್ಮಾವು, ಅಡಕನಹಳ್ಳಿ ಕಡೆ ಕೈಗಾರಿಕೆಗೆ ಜಮೀನು ಕೊಟ್ಟ ಕುಟುಂಬಗಳು ಕಾಯಂ ಕೆಲಸವನ್ನೇ ಕೇಳಿ ಧರಣಿ ಕೂತದ್ದು ಸುಮ್ಮನೆ ಅಲ್ಲ.

1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿತ್ತು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು. ಬಟವಾಡೆಯ ಹೊತ್ತಿಗೆ ಅವನ ಕಡೆಯವರೊಬ್ಬರು ಎದುರಿಗಿರಬೇಕು. ಈಗ ದುಡ್ಡು ನೇರ ಬ್ಯಾಂಕಿಗೆ ಬೀಳುತ್ತದೆ, ಎದುರಿಗಿರುವವರು ಯಾರೂ ಇಲ್ಲ. ಆ ಕಾಯ್ದೆ 20 ಗುತ್ತಿಗೆ ಕಾರ್ಮಿಕರಿದ್ದ ಕಡೆಯಿಂದಲೇ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ ಗೆರೆಯನ್ನು 50ಕ್ಕೆ ಏರಿಸಿದೆ. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು ಎಂದೂ ಅದೇ ಸಂಹಿತೆ ಹೇಳುತ್ತದೆ. ಆ ಪತ್ರದಲ್ಲಿ ಯಾವ ಗೇಟಿನೊಳಗೆ, ಯಾವ ಕೆಲಸಕ್ಕೆ ಎಂಬುದು ಕನ್ನಡದಲ್ಲಿ ಬರೆದಿರಲಿ ಎಂದು ಕೇಳುವ ಹಕ್ಕು ಈ ಹುಡುಗರಿಗಿದೆ.

ಉಸ್ತುವಾರಿ ಕೈಬಿಟ್ಟರೆ ಏನಾಗುತ್ತದೆಂಬುದನ್ನು ಕೋಲಾರದ ನರಸಾಪುರ ತೋರಿಸಿದೆ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ಸಿಟ್ಟು ಸಿಡಿದು ಕಾರ್ಖಾನೆಯೊಳಗೆ ದಾಂಧಲೆ ನಡೆಯಿತು. ಒಳಗೆ ದುಡಿಯುತ್ತಿದ್ದ ಬಹುಪಾಲು ಜನ ಹಲವು ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಲೋಪ ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದು ಆ್ಯಪಲ್ ಹೇಳಬೇಕಾಯಿತು.

ಸಂಜೆ ಅದೇ ಟಿಟಿಗಳು ನರಸೀಪುರಕ್ಕೆ ಮರಳುತ್ತವೆ. ಇಳಿದ ಹೆಣ್ಣುಮಕ್ಕಳು ಸರಸರನೆ ತರಕಾರಿ ಕೊಂಡು ಊರಿನ ಆಟೊ ಹತ್ತುತ್ತಾರೆ. ‘ನಿಮ್ ಕಡೆ ಸೇರುಸ್ಕೊತಾವ್ರೇನಕ್ಕ?’ ಎಂದು ಪಕ್ಕದಲ್ಲಿ ಕೂತ ಪಿಯುಸಿ ಹುಡುಗಿ ಕೇಳಿದಳು. ‘ಕೇಳ್ತೀನಿ ಕಣವ್ವ, ಆಧಾರ್ ಕಳ್ಸು’ ಎಂದಳು ಅಕ್ಕ. ಚೀಟಿ, ಸ್ಟೇಟಸ್ಸುಗಳಿಗಿಂತ ಹೆಚ್ಚು ಜನರನ್ನು ಗೇಟಿಗೆ ತಲುಪಿಸುವುದು ಆಟೊದೊಳಗಿನ ಇಂಥ ಮಾತು ಎಂದೇ ನನಗೆ ತೋರುತ್ತದೆ. ಅಂದರೆ ಗುತ್ತಿಗೆದಾರ ಮಾರುತ್ತಿರುವ ಸರಕಿನ ದೊಡ್ಡ ಪಾಲು ಈ ಹೆಣ್ಣುಮಕ್ಕಳದ್ದೇ ಪರಿಚಯ, ಇವರದ್ದೇ ನಂಬಿಕೆ.

ಆ ಸರಕನ್ನು ದುಡಿಯುವವರೇ ಕೈಗೆ ತೆಗೆದುಕೊಳ್ಳುವ ದಾರಿಯೂ ಇದೆ. ಬೀದರ್ ಜಿಲ್ಲೆಯಲ್ಲಿ ಸರ್ಕಾರಿ ಕಚೇರಿಗಳಿಗೆ ಹೊರಗುತ್ತಿಗೆ ನೌಕರರನ್ನು ಒದಗಿಸಲು ಕಾರ್ಮಿಕರ ಸೇವಾ ಸಹಕಾರ ಸಂಘ ಕಟ್ಟಿದ್ದಾರೆ. ಆ ಮಾದರಿ ಬೇರೆ ಜಿಲ್ಲೆಗಳಿಗೂ ಬರಲಿ ಎಂಬ ಮಾತು ಸರ್ಕಾರದ ಮಟ್ಟದಲ್ಲೇ ನಡೆದಿದೆ. ನರಸೀಪುರ, ನಂಜನಗೂಡು ತಾಲ್ಲೂಕುಗಳ ಹಳ್ಳಿಗಳಿಗೆ ಸಹಕಾರ ಹೊಸದಲ್ಲ. ಹಾಲಿನ ಡೇರಿಯಲ್ಲಿ ಅಳತೆ, ಫ್ಯಾಟು, ಬಟವಾಡೆ ಎಲ್ಲವನ್ನೂ ಹೆಂಗಸರೇ ನಿಭಾಯಿಸುವ ಊರುಗಳಿವೆ. ಕಾರ್ಖಾನೆಗೆ ಜನ ಕಳಿಸುವ ಸಂಘವನ್ನೂ ಅವರು ನಡೆಸಬಲ್ಲರು. ಸರ್ವಿಸ್ ಚಾರ್ಜು ಸಂಘದಲ್ಲೇ ಉಳಿಯುತ್ತದೆ, ಟೆಂಡರು ಬದಲಾದಾಗ ಕಾರ್ಡು ಬದಲಾಗುವುದಿಲ್ಲ, ಜೆರಾಕ್ಸ್ ಅಂಗಡಿಗೆ ಬಂದ ಆ ಹುಡುಗ ಕೆಲಸ ಬಿಟ್ಟ ದಿನಾಂಕ ಹಾಕಿಸಲು ಊರಲ್ಲೇ ಒಂದು ಕಚೇರಿ ಇರುತ್ತದೆ.