ನಡು ಹಿಗ್ಗಿದರೆ ಬಟ್ಟಲು, ಅಂಚು ಹಿಗ್ಗಿದರೆ ನೆರಿಗೆ: ಕಾಗದದ ಹೂವಿನ ಪಾಠ

ನಾವು ನಾಲ್ಕು ಜನ, ಎರಡನೇ ವರ್ಷದವರು. ಒಬ್ಬ ಸಿವಿಲ್, ಒಬ್ಬ ಮೆಕ್ಯಾನಿಕಲ್, ಇಬ್ಬರು ಕಂಪ್ಯೂಟರ್ ಸೈನ್ಸ್. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲೇ, ಹಾಗಾಗಿ ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯ ಕಾಗದದ ಹೂವು. ನಗಬೇಡಿ. ಮೊದಲು ನಾವೂ ನಕ್ಕಿದ್ದೆವು.

ನಮ್ಮ ಸಿವಿಲ್ ಗೆಳೆಯನ ಊರು ಬಾದಾಮಿ ಹತ್ತಿರದ ಚೊಳಚಗುಡ್ಡ. ಬಾದಾಮಿಯಿಂದ ಸುಮಾರು 5 ಕಿಲೋಮೀಟರ್. ಬನಶಂಕರಿ ದೇವಸ್ಥಾನ ಇರೋದು ಅಲ್ಲೇ. ಪುಷ್ಯ ಮಾಸದಲ್ಲಿ ಬರುವ ಬನದ ಹುಣ್ಣಿಮೆಗೆ ತೇರು. ದೇವಿಗೆ 108 ಬಗೆಯ ಕಾಯಿಪಲ್ಯದ ನೈವೇದ್ಯ ಮಾಡುವ ಪಲ್ಲೇದ ಹಬ್ಬ, ರಾತ್ರಿಯೆಲ್ಲ ನಡೆಯುವ ಕಂಪನಿ ನಾಟಕಗಳು, ಕಟ್ಟಿಗೆ ಬಾಗಿಲು ಚೌಕಟ್ಟು ಮಾರುವ ಸಾಲು ಸಾಲು ಅಂಗಡಿ, ಇವುಗಳ ಬಗ್ಗೆ ಅವನು ಹಾಸ್ಟೆಲ್‌ನಲ್ಲಿ ಹೇಳಿ ಹೇಳಿ ನಮಗೆ ಬಾಯಿಪಾಠ ಆಗಿತ್ತು. ಜಾತ್ರೆಗೆ ಒಂದು ವಾರ ಮುಂಚೆಯೇ ನಾವೆಲ್ಲ ಅವರ ಮನೆಗೆ ಹೋದೆವು. ರೊಟ್ಟಿ ತಿನ್ನೋಣ, ನಾಟಕ ನೋಡೋಣ, ಅಷ್ಟೇ ಪ್ಲಾನ್.

ಅವರ ಅಜ್ಜಿ ಪ್ರತಿ ವರ್ಷ ಹುಣ್ಣಿಮೆಗೆ ಮನೆ ಬಾಗಿಲಿಗೆ ಕಾಗದದ ಗುಲಾಬಿಯ ತೋರಣ ಕಟ್ಟುತ್ತಿದ್ದರಂತೆ. 21 ಹೂವು. ಈ ಸಲ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಹತ್ತು ದಿನವಾಗಿತ್ತು, ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಸಣ್ಣ ಕೆಲಸ ಮಾಡಬಾರದು ಅಂತ ಡಾಕ್ಟರ್ ಹೇಳಿದ್ದರು. ಅತ್ತೆ ಬಜಾರದಿಂದ ಪ್ಲಾಸ್ಟಿಕ್ ಹೂವಿನ ತೋರಣ ತಂದಿದ್ದರು. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಒಂದು ಸಲ ಸವರಿ, "ಇರ್ಲಿ ಬಿಡು" ಅಂದರು. ಅವರು ಅಂದ ರೀತಿಗೆ ನಮಗೆ ಒಂಥರಾ ಆಯಿತು. ಆ ಮನೆಯಲ್ಲಿ ಈ ಕೆಲಸ ಬರುತ್ತಿದ್ದದ್ದು ಅವರಿಗೊಬ್ಬರಿಗೇ. ಎಲ್ಲೂ ಬರೆದಿಟ್ಟಿರಲಿಲ್ಲ, ಯಾರೂ ಕಲಿತಿರಲಿಲ್ಲ.

"ನಾವು ಮಾಡ್ತೀವಿ ಅಜ್ಜೀ, ನೀವು ಹೇಳ್ರಿ ಸಾಕು" ಅಂದುಬಿಟ್ಟೆವು. 21 ಹೂವು, ಹೂವಿಗೆ 15 ಪಕಳೆ, ಒಟ್ಟು 315 ಪಕಳೆ. ನಾಲ್ಕು ಜನ, ಐದು ದಿನ. ಲೆಕ್ಕದ ಪ್ರಕಾರ ಬಹಳ ಸುಲಭ.

ಮೊದಲ ದಿನ: ಪೂರ್ತಿ ಫೇಲ್

ಅಜ್ಜಿಯ ಅಳತೆ ಬೆರಳಿನದು. "ನಾಕ್ ಬೆರಳ ಎತ್ತರ, ಮೂರ್ ಬೆರಳ ಅಗಲ." ನಾವು ಅವರ ಬೆರಳಿಗೆ ಸ್ಕೇಲ್ ಹಿಡಿದು 7 ಸೆಂ.ಮೀ., 5 ಸೆಂ.ಮೀ. ಅಂತ ಬರೆದುಕೊಂಡು, ರಟ್ಟಿನ ಟೆಂಪ್ಲೇಟ್ ಮಾಡಿ, ಕೆಂಪು ಕ್ರೇಪ್ ಕಾಗದವನ್ನು ಎಂಟು ಪದರ ಮಡಚಿ ಕತ್ತರಿಸಿದೆವು. ಒಂದು ಗಂಟೆಯಲ್ಲಿ ನೂರು ಪಕಳೆ. ಮಾಸ್ ಪ್ರೊಡಕ್ಷನ್ ಅಂದರೆ ಇದು ಅಂತ ಹೆಮ್ಮೆ ಪಟ್ಟೆವು.

ಆಮೇಲೆ ಪಕಳೆಯ ನಡುವೆ ಎರಡು ಹೆಬ್ಬೆರಳು ಇಟ್ಟು ಎಳೆದರೆ ಬಟ್ಟಲ ಆಕಾರ ಬರಬೇಕಿತ್ತು. ಬರಲಿಲ್ಲ. ಅಡ್ಡ ಎಳೆದರೆ ಅಲುಗಾಡಲಿಲ್ಲ, ಇನ್ನೂ ಜೋರಾಗಿ ಎಳೆದರೆ ಹರಿಯಿತು. ಉದ್ದಕ್ಕೆ ಎಳೆದರೆ ನಾಲಿಗೆ ಥರ ಜೋತುಬಿತ್ತು. ಅಜ್ಜಿ ಒಂದು ಪಕಳೆ ಇಸಿದುಕೊಂಡು, ನೋಡಲೇ ಇಲ್ಲ, ಬೆರಳಲ್ಲಿ ಉಜ್ಜಿ ಹೇಳಿದರು: "ಹಾಳಿ ಅಡ್ಡ ಹಿಡದೀರೋ ತಮ್ಮಾ. ಗೆರಿ ಮ್ಯಾಲ ಕೆಳಗ ಇರಬೇಕು."

ನೂರು ಪಕಳೆ ಕಸದ ಬುಟ್ಟಿಗೆ ಹೋದವು. ಯಾಕೆ ಹೀಗಾಯಿತು ಅಂತ ಅವತ್ತು ರಾತ್ರಿ ಓದಿದಾಗಲೇ ನಮಗೆ ಈ ಹವ್ಯಾಸದ ಹುಚ್ಚು ಹಿಡಿದದ್ದು.

ಕಾಗದಕ್ಕೂ ದಿಕ್ಕಿದೆ

ಕಾಗದ ಅಂದರೆ ಸೆಲ್ಯುಲೋಸ್ ನಾರುಗಳ ಚಾಪೆ. ಕಾರ್ಖಾನೆಯಲ್ಲಿ ನೀರಲ್ಲಿ ಕಲಸಿದ ನಾರು ಓಡುತ್ತಿರುವ ಜಾಲರಿಯ ಮೇಲೆ ಬೀಳುತ್ತದೆ. ಜಾಲರಿ ಓಡುವ ದಿಕ್ಕಿಗೇ ಹೆಚ್ಚು ನಾರುಗಳು ಮಲಗುತ್ತವೆ. ಆದ್ದರಿಂದ ಮಾಮೂಲಿ ಹಾಳೆಯೂ ಎಲ್ಲಾ ದಿಕ್ಕಿನಲ್ಲಿ ಒಂದೇ ಥರ ಇರುವುದಿಲ್ಲ. ಮೆಟೀರಿಯಲ್ಸ್ ಕ್ಲಾಸಿನಲ್ಲಿ ಅನೈಸೋಟ್ರೋಪಿ ಅಂತ ಬರೆದು ಎರಡು ಮಾರ್ಕ್ಸ್ ತಗೊಂಡಿದ್ದೇವಲ್ಲ, ಅದೇ ಇದು.

ಈಗಲೇ ಪರೀಕ್ಷೆ ಮಾಡಿ ನೋಡಿ. ಒಂದು ಎ4 ಹಾಳೆಯಿಂದ 2 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಎರಡು ಪಟ್ಟಿ ಕತ್ತರಿಸಿ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಎರಡನ್ನೂ ಒಂದೇ ತುದಿಯಲ್ಲಿ ಅಡ್ಡಡ್ಡ ಹಿಡಿಯಿರಿ. ಒಂದು ಪಟ್ಟಿ ಹೆಚ್ಚು ಬಾಗುತ್ತದೆ. ಕಡಿಮೆ ಬಾಗಿದ ಪಟ್ಟಿಯ ಉದ್ದವೇ ನಾರಿನ ದಿಕ್ಕು. ಕ್ಯಾಂಟಿಲಿವರ್ ಬೀಮ್ ಲ್ಯಾಬ್, ಖರ್ಚು ಸೊನ್ನೆ.

ಕ್ರೇಪ್ ಕಾಗದದಲ್ಲಿ ಇದು ಇನ್ನೂ ಜೋರು. ಒದ್ದೆ ಕಾಗದವನ್ನು ಉರುಳೆಗೆ ಅಂಟಿಸಿ ಬ್ಲೇಡಿನಿಂದ ಕೆರೆದು ಬಿಡಿಸುತ್ತಾರೆ. ಬಿಡಿಸುವಾಗ ಅದು ಹಿಂದಕ್ಕೆ ಮುದುಡಿ ಸಾವಿರಾರು ಸಣ್ಣ ಮಡಿಕೆಗಳಾಗುತ್ತವೆ. ನಮ್ಮ ಕೈಗೆ ಸಿಗುವ ಗೆರೆಗಳು ಅವೇ. ಗೆರೆಗೆ ಅಡ್ಡವಾಗಿ ಎಳೆದರೆ ಮಡಿಕೆ ಬಿಚ್ಚಿಕೊಂಡು ಕಾಗದ ಹಿಗ್ಗುತ್ತದೆ, ಗೆರೆಯ ಉದ್ದಕ್ಕೆ ಎಳೆದರೆ ಬಿಚ್ಚಲು ಮಡಿಕೆಯೇ ಇಲ್ಲ. ಪಕಳೆಯಲ್ಲಿ ಗೆರೆ ಬುಡದಿಂದ ತುದಿಗೆ ಇದ್ದರೆ ಅದು ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ನೆಟ್ಟಗೆ ನಿಲ್ಲುತ್ತದೆ. ಹೂವಿಗೆ ಬೇಕಾದ್ದು ಅದೇ. ನಾವು ಟೆಂಪ್ಲೇಟನ್ನು 90 ಡಿಗ್ರಿ ತಿರುಗಿಸಿ ಇಟ್ಟಿದ್ದೆವು.

ಎರಡನೇ ದಿನ: ಬಟ್ಟಲು ಮತ್ತು ನೆರಿಗೆ

ಅಜ್ಜಿ ಎರಡೇ ಸೂತ್ರ ಹೇಳಿಕೊಟ್ಟರು. "ನಡು ಹಿಗ್ಗಿಸಿದ್ರ ಬಟ್ಟಲಾ ಆಗತೈತಿ, ಅಂಚು ಹಿಗ್ಗಿಸಿದ್ರ ನೆರಗಿ ಆಗತೈತಿ." ಮೊದಲನೇದು ಗುಲಾಬಿಯ ಒಳಪಕಳೆಗೆ, ಎರಡನೇದು ಹೊರಪಕಳೆಯ ತುದಿಗೆ.

ಇದರ ಹಿಂದೆ ಗಣಿತವಿದೆ. ಚಪಾತಿಯನ್ನು ಬೋರಲು ಹಾಕಿದ ಬಟ್ಟಲಿನ ಮೇಲೆ ಹೊದಿಸಿ ನೋಡಿ, ಅಂಚಿನಲ್ಲಿ ಮಡಿಕೆ ಬಿದ್ದೇ ಬೀಳುತ್ತದೆ. ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ, ಕುಗ್ಗಿಸದೆ ಗೋಳದ ಮೈಗೆ ಕೂರಿಸಲು ಆಗುವುದಿಲ್ಲ. 1827ರಲ್ಲಿ ಗಾಸ್ ಸಾಧಿಸಿ ತೋರಿಸಿದ ಪ್ರಮೇಯದಿಂದ ಬರುವ ಮಾತು ಇದು. ಸುತ್ತಬಹುದು, ಕೊಳವೆ ಮಾಡಬಹುದು, ಶಂಕು ಮಾಡಬಹುದು. ಬಟ್ಟಲು ಮಾತ್ರ ಆಗದು. ಬಟ್ಟಲು ಬೇಕಾದರೆ ನಡುಭಾಗದ ವಿಸ್ತೀರ್ಣ ಹೆಚ್ಚಬೇಕು. ಅಂಚಿನ ಉದ್ದ ಹೆಚ್ಚಾದರೆ ಆ ಹೆಚ್ಚುವರಿ ಉದ್ದಕ್ಕೆ ಜಾಗ ಸಾಲದೆ ಅಂಚು ಮೇಲೆ ಕೆಳಗೆ ಅಲೆಯಾಗುತ್ತದೆ. ನಿಜವಾದ ಪಕಳೆ ಎಲೆಗಳಲ್ಲೂ ಅಷ್ಟೇ, ಅಂಚು ನಡುವಿಗಿಂತ ಹೆಚ್ಚು ಬೆಳೆದರೆ ನೆರಿಗೆ. ಅಜ್ಜಿ ಹೆಬ್ಬೆರಳಲ್ಲಿ ಮಾಡುತ್ತಿದ್ದದ್ದು ಪಾಸಿಟಿವ್ ಕರ್ವೇಚರ್ ಮತ್ತು ನೆಗೆಟಿವ್ ಕರ್ವೇಚರ್. ಇದನ್ನು ಅವರಿಗೆ ಹೇಳಿದೆವು. "ಹೌದೇನು, ಛಲೋ ಆತು, ಇನ್ನ ಕೈ ನಡೀಲಿ" ಅಂದರು.

ಕ್ರೇಪ್ ಇಲ್ಲದೆ ಮಾಮೂಲಿ ಹಾಳೆಯಲ್ಲಿ ಹೂವು ಮಾಡುವವರು ಇದೇ ಕಾರಣಕ್ಕೆ ಮಡಿಸುವ ದಾರಿ ಹಿಡಿಯುತ್ತಾರೆ. ಜಪಾನಿನ ಒರಿಗಾಮಿ ಅದು. ಹಿಗ್ಗಿಸುವ ಬದಲು ಮಡಿಕೆಯಲ್ಲೇ ಆಕಾರ ತರುವುದು. ಕೊರಿಯೋ ಮಿಯುರಾ ಅನ್ನುವ ಜಪಾನಿ ವಿಜ್ಞಾನಿಯ ಮಡಿಕೆಯ ವಿಧಾನವನ್ನು 1995ರಲ್ಲಿ ಹಾರಿಸಿದ ಸ್ಪೇಸ್ ಫ್ಲೈಯರ್ ಯುನಿಟ್ ಉಪಗ್ರಹದಲ್ಲಿ ಸೋಲಾರ್ ಹಾಳೆ ಬಿಚ್ಚಲು ಬಳಸಿದರು. ದೂರದ ನಕ್ಷತ್ರದ ಬೆಳಕನ್ನು ಮರೆಮಾಡಿ ಅದರ ಗ್ರಹಗಳನ್ನು ನೋಡಲು ನಾಸಾದವರು ಯೋಚಿಸಿರುವ ಸ್ಟಾರ್‌ಶೇಡ್ ಅಂತೂ ಥೇಟ್ ಸೂರ್ಯಕಾಂತಿ, ಪಕಳೆ ಸಮೇತ ಸುತ್ತಿಕೊಂಡು ಹೋಗಿ ಬಾಹ್ಯಾಕಾಶದಲ್ಲಿ ಅರಳಬೇಕು. "ಇದೆಲ್ಲ ಹುಡುಗೀರ ಕ್ರಾಫ್ಟ್ ಪೀರಿಯಡ್" ಅಂತ ನಮ್ಮ ರೂಮಿಗೆ ಬಂದು ಅಣಕಿಸಿದವರಿಗೆ ಈ ಪ್ಯಾರಾ ಅರ್ಪಣೆ.

ಮಾಡುವ ವಿಧಾನ

ಬೇಕಾದದ್ದು: ಕೆಂಪು ಮತ್ತು ಹಸಿರು ಕ್ರೇಪ್ ಕಾಗದ, ಕತ್ತರಿ, ಬಿಳಿ ಅಂಟು, ದಾರ, ಪೆನ್ಸಿಲ್, ದಂಟಿಗೆ ಬೈಂಡಿಂಗ್ ವೈರ್. ಕಟ್ಟಡದ ಕಬ್ಬಿಣದ ಸರಳು ಕಟ್ಟುವ ಅದೇ ತಂತಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಂದೇ ಎಳೆ ಬಾಗಿದರೆ ಎರಡು ಎಳೆ ಹೊಸೆಯಿರಿ.

1. 15 ಪಕಳೆ ಕತ್ತರಿಸಿ: ಸಣ್ಣವು 3, ನಡುವಿನವು 5, ದೊಡ್ಡವು 7. ದೊಡ್ಡದು 7 × 5 ಸೆಂ.ಮೀ., ಉಳಿದವು ಒಂದೊಂದು ಸೆಂ.ಮೀ. ಕಡಿಮೆ. ಬುಡ ಕಿರಿದು, ತಲೆ ದುಂಡಗೆ. ಗೆರೆ ಮೇಲೆ ಕೆಳಗೆ. (ಇದನ್ನು ಎರಡು ಸಲ ಓದಿ.)

2. ಪ್ರತಿ ಪಕಳೆಯ ನಡುವೆ ಹೆಬ್ಬೆರಳಿಟ್ಟು ಎರಡೂ ಕಡೆ ಮೆಲ್ಲಗೆ ಹಿಗ್ಗಿಸಿ. ದೊಡ್ಡ ಪಕಳೆಗಳ ತುದಿಯನ್ನು ಪೆನ್ಸಿಲ್‌ಗೆ ಸುತ್ತಿ ಹೊರಕ್ಕೆ ಬಾಗಿಸಿ, ಅಂಚನ್ನು ಒಂದೆರಡು ಕಡೆ ಚೂರು ಹಿಗ್ಗಿಸಿ.

3. ತಂತಿಯ ತುದಿಯನ್ನು ಕೊಕ್ಕೆ ಮಾಡಿ ಕಾಗದದ ಚೂರು ಸುತ್ತಿ ಮೊಗ್ಗು ಮಾಡಿ. ಸಣ್ಣ ಪಕಳೆಗಳನ್ನು ಅದಕ್ಕೆ ಬಿಗಿಯಾಗಿ ಸುತ್ತಿ ದಾರ ಬಿಗಿಯಿರಿ.

4. ಉಳಿದ ಪಕಳೆಗಳನ್ನು ಒಂದೊಂದೇ ಕೂರಿಸಿ. ಇಲ್ಲೊಂದು ಗುಟ್ಟಿದೆ, ಕೆಳಗೆ ಹೇಳುತ್ತೇವೆ.

5. ಹಸಿರು ಕಾಗದದ 1 ಸೆಂ.ಮೀ. ಪಟ್ಟಿಯನ್ನು ಎಳೆದು ಹಿಗ್ಗಿಸುತ್ತಾ ಬುಡದಿಂದ ತಂತಿಗೆ ಓರೆಯಾಗಿ ಸುತ್ತಿ. ಅಂಟು ಶುರುವಿಗೆ ಒಂದು ಚುಕ್ಕೆ, ಕೊನೆಗೆ ಒಂದು ಚುಕ್ಕೆ.

ಗುಟ್ಟು ಏನೆಂದರೆ, ನಾವು ಮೊದಲು ಪಕಳೆಗಳನ್ನು 120 ಡಿಗ್ರಿಗೆ ಒಂದರಂತೆ ಇಟ್ಟೆವು. ನಾಲ್ಕನೇದು ಸರಿಯಾಗಿ ಮೊದಲನೇದರ ಹಿಂದೆ ಬಿತ್ತು, ಐದನೇದು ಎರಡನೇದರ ಹಿಂದೆ. ಮೂರು ಕಡೆ ಸಂದು ಹಾಗೇ ಉಳಿದು ಹೂವು ಫ್ಯಾನಿನ ರೆಕ್ಕೆ ಥರ ಕಂಡಿತು. ಅಜ್ಜಿಯ ನಿಯಮ: "ಹಿಂದಿನವು ಬಿಟ್ಟ ಸಂದಿ ಮುಂದಿನದು ಮುಚ್ಚಬೇಕು." ಹಾಗೆ ಕೂರಿಸಿದರೆ ಪ್ರತಿ ಪಕಳೆ ಸುತ್ತಿನ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. ಗಿಡಗಳು ಎಷ್ಟೋ ಕಡೆ ಬಳಸುವ ಕೋನ ಸುಮಾರು 137.5 ಡಿಗ್ರಿ, ಗೋಲ್ಡನ್ ಆ್ಯಂಗಲ್. ಲೆಕ್ಕ ಹಾಕಿ: 0, 137.5, 275, 52.5, 190, 327.5. ಯಾವುದೂ ಇನ್ನೊಂದರ ಮೇಲೆ ಬೀಳುವುದಿಲ್ಲ. ಕೋನಮಾಪಕ ಬೇಡ, ಸಂದು ನೋಡಿ ಕೂರಿಸಿದರೆ ಕೈ ತಾನೇ ಅಲ್ಲಿಗೆ ಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ಮೂರನೇ ದಿನ ನಾವು ಅಂಟಿಗೆ ನೀರು ಬೆರೆಸಿ ಧಾರಾಳವಾಗಿ ಸವರಿ ಏಳು ಹೂವು ಹಾಳು ಮಾಡಿದೆವು. ನಾರುಗಳನ್ನು ಒಂದಕ್ಕೊಂದು ಹಿಡಿದಿರುವುದು ಹೈಡ್ರೋಜನ್ ಬಂಧಗಳು. ನೀರು ಅವುಗಳ ನಡುವೆ ನುಗ್ಗಿ ಹಿಡಿತ ಸಡಿಲಿಸುತ್ತದೆ. ಮಡಿಕೆ ಕುಸಿಯುತ್ತದೆ, ಬಣ್ಣವೂ ಬಿಡುತ್ತದೆ. ಬೆವರಿದ ಕೈ ಕೂಡ ಸಾಕು. ಪಕ್ಕದಲ್ಲೊಂದು ಒಣ ಬಟ್ಟೆ ಇರಲಿ.

ಇದು ಬರೀ ಟೈಮ್‌ಪಾಸ್ ಅಲ್ಲ

ಹೂವು ಮಾಡಿ ತಲೆಗೇರಿಸುವುದು ನಮ್ಮ ಕಡೆ ಹೊಸದಲ್ಲ. ಮದುವೆಯ ಬಾಸಿಂಗ ನೋಡಿದ್ದೀರಿ. ಕೆರೆಯಲ್ಲಿ ಬೆಳೆಯುವ ಬೆಂಡಿನ ಗಿಡದ ಬಿಳಿ ತಿರುಳು, ಬಣ್ಣದ ಕಾಗದ, ಜರಿ ಸೇರಿಸಿ ಮಾಡುತ್ತಿದ್ದದ್ದು ಅದು. ಈಗ ಬಹಳ ಕಡೆ ಬೆಂಡಿನ ಜಾಗಕ್ಕೆ ಥರ್ಮೋಕೋಲ್ ಬಂದಿದೆ.

ದೂರದ ಒಂದು ಕಥೆಯೂ ಇದೆ. ಇಂಗ್ಲೆಂಡಿನ ಮೇರಿ ಡೆಲಾನಿ ಅನ್ನುವವರು 1772ರಲ್ಲಿ, ತಮ್ಮ 72ನೇ ವಯಸ್ಸಿನಲ್ಲಿ, ಬಣ್ಣದ ಕಾಗದ ಕತ್ತರಿಸಿ ಕಪ್ಪು ಹಿನ್ನೆಲೆಗೆ ಅಂಟಿಸಿ ಹೂಗಿಡಗಳನ್ನು ಮಾಡಲು ಶುರು ಮಾಡಿದರು. ಸುಮಾರು ಹತ್ತು ವರ್ಷದಲ್ಲಿ ಸಾವಿರಕ್ಕೆ ಹತ್ತಿರ ಚಿತ್ರಗಳು. ಇವತ್ತು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವರು ನಿಲ್ಲಿಸಿದ್ದು ಬೇಸರ ಬಂದು ಅಲ್ಲ, ಕಣ್ಣು ಮಂಜಾಗಿ. ಇದನ್ನು ಓದಿದಾಗ ನಾವು ನಾಲ್ಕೂ ಜನ ಪಡಸಾಲೆಯ ಕಡೆ ನೋಡಿದೆವು.

ಐದನೇ ದಿನ

21 ಹೂವು ಮುಗಿಸಿದೆವು. ಮೊದಲ ಹೂವಿಗೆ 50 ನಿಮಿಷ ಹಿಡಿದಿತ್ತು, ಕೊನೆಯದಕ್ಕೆ 12. ಒಂದೊಂದೇ ಅಜ್ಜಿಯ ಕೈಗಿಟ್ಟೆವು. ಅವರು ಪಕಳೆಯ ಹಿಂದೆ ಬೆರಳಾಡಿಸಿ ಸಂದು ಹುಡುಕಿದರು. ಎಂಟು ಹೂವು ರಿಜೆಕ್ಟ್. ಯಾವ ವೈವಾದಲ್ಲೂ ನಾವು ಇಷ್ಟು ಹೆದರಿರಲಿಲ್ಲ. ರಾತ್ರಿ ಹನ್ನೊಂದರವರೆಗೆ ಕೂತು ಆರು ಮತ್ತೆ ಮಾಡಿದೆವು, ಅಷ್ಟರಲ್ಲಿ ಕೆಂಪು ಕಾಗದ ಮುಗಿಯಿತು. ಹಾಗಾಗಿ ತೋರಣದಲ್ಲಿ 19 ಹೂವು, ಎರಡು ಕಡೆ ಮಾವಿನ ಎಲೆ. ಅತ್ತೆಯ ಪ್ಲಾಸ್ಟಿಕ್ ತೋರಣವೂ ವ್ಯರ್ಥವಾಗಲಿಲ್ಲ, ಹಿತ್ತಲ ಬಾಗಿಲಿಗೆ ಹೋಯಿತು. ಅದಕ್ಕೆ ಮಳೆಗಾಲದ ಭಯವೂ ಇಲ್ಲ.

ಹೊರಡುವ ದಿನ ಅಜ್ಜಿ ನಮ್ಮ ನೋಟ್‌ಬುಕ್ ತರಿಸಿ, ಬರೆದದ್ದನ್ನೆಲ್ಲ ಓದಿಸಿ ಕೇಳಿದರು. ಎಲ್ಲ ಮುಗಿದ ಮೇಲೆ, "ಸೇವಂತಿ ಬರಕೊಂಡಿಲ್ಲಲ್ಲೋ" ಅಂದರು. ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ ಇತ್ತು. ಅವರು ಹೇಳುತ್ತಾ ಹೋದರು, ನಾವು ಬರೆದುಕೊಂಡೆವು: ಮೊಳದಷ್ಟು ಉದ್ದದ ಪಟ್ಟಿ, ಮೂರು ಬೆರಳ ಎತ್ತರ, ಗೆರೆ ಮೇಲೆ ಕೆಳಗೆ, ಒಂದು ಬೆರಳು ಬುಡ ಬಿಟ್ಟು ಉಳಿದದ್ದನ್ನು ಬಾಚಣಿಗೆ ಹಲ್ಲಿನಂತೆ ಸಣ್ಣಗೆ ಸೀಳಿ, ಬುಡದಿಂದ ಸುತ್ತಿ ದಾರ ಕಟ್ಟಿ, ಆಮೇಲೆ ಹೊರಗಿನ ಸುತ್ತಿನಿಂದ ಒಂದೊಂದೇ ಬಿಡಿಸುವುದು. ಹೊಸದಾಗಿ ಕಲಿಯುವವರು ಇದರಿಂದಲೇ ಶುರು ಮಾಡಿ, ಗುಲಾಬಿಗಿಂತ ಸುಲಭ.

ನಿಮ್ಮ ಮನೆಯಲ್ಲೂ ಯಾರಿಗೋ ಏನೋ ಒಂದು ಬರುತ್ತಿರುತ್ತದೆ. ಮುಂದಿನ ರಜೆಗೆ ಹೋದಾಗ ಒಂದು ನೋಟ್‌ಬುಕ್ ಮತ್ತು ಸ್ಕೇಲ್ ತಗೊಂಡು ಹೋಗಿ. ಅವರ ಬೆರಳು ಎಷ್ಟು ಸೆಂ.ಮೀ. ಅಂತ ಮೊದಲು ಅಳೆದುಕೊಳ್ಳಿ. ಕಾಗದದ ಹೂವು ಕಲಿಯಬೇಕು ಅನ್ನಿಸಿದರೆ ಶನಿವಾರ ಸಂಜೆ ನಮ್ಮ ರೂಮಿಗೆ ಬನ್ನಿ. ಕತ್ತರಿ ನಮ್ಮಲ್ಲಿದೆ, ಕಾಗದ ನೀವು ತನ್ನಿ.